ಮೂಲವೂ ತಿದ್ದುಪಡಿಯೂ

ಕೆಲವು ವರ್ಷಗಳ ಹಿಂದೆ, ಮಳವಳ್ಳಿ ತಾಲ್ಲೂಕಿನ ಬೊಪ್ಪೇಗೌಡನಪುರದಲ್ಲಿ ವೃದ್ಧ ನೀಲಗಾರರೊಬ್ಬರು ಹಾಡಿದ ಮಂಟೇಸ್ವಾಮಿ ಕಾವ್ಯದ ಒಂದು ಭಾಗವನ್ನು ಬರೆದುಕೊಂಡು ಕಂಪ್ಯೂಟರಿಗೆ ಏರಿಸಿದೆ. ಓದುವವರಿಗೆ ಸುಗಮವಾಗಲೆಂದು, ‘ಏಳವ್ರೆ’ ಎಂದಿದ್ದಲ್ಲಿ ‘ಹೇಳಿದ್ದಾರೆ’ ಎಂದು ತಿದ್ದುತ್ತ, ಅದೇ ಕಡತದಲ್ಲಿ ಉಳಿಸುತ್ತ ಹೋದೆ. ಹಾಡಿದ ಹಿರಿಯರು ಈಗಿಲ್ಲ. ಯಾವ ಮಾತು ಅವರದು, ಯಾವುದು ನನ್ನದು ಎಂದು ನಾನೇ ಹೇಳಲಾರೆ. ಡಿ.ಎಲ್. ನರಸಿಂಹಾಚಾರ್ಯರ ‘ಕನ್ನಡ ಗ್ರಂಥಸಂಪಾದನೆ’ಯನ್ನು ತರಗತಿಯಲ್ಲಿ ಬೋಧಿಸುವವನೇ ಲಿಪಿಕಾರನ ತಪ್ಪನ್ನು ಮಾಡಿದ್ದೆ!

ಮದ್ದೂರಿನವನಾದ ಹಳೆಯ ವಿದ್ಯಾರ್ಥಿಯೊಬ್ಬ ಮೊನ್ನೆ ಮಂಡ್ಯದ ನಮ್ಮ ಮನೆಗೆ ಬಂದಿದ್ದ. ಒಬ್ಬರು ರಚಿಸಿದ ತಂತ್ರಾಂಶವನ್ನು ಡೆಬಿಯನ್ ಎಂಬ ಮುಕ್ತ ವ್ಯವಸ್ಥೆಗೆ ಹೊಂದುವಂತೆ ಪ್ಯಾಕೇಜು ಕಟ್ಟುವುದು ಅವನ ಹವ್ಯಾಸ. ಅರವಿಂದ ವಿ.ಕೆ. ಅವರ ‘ನವಿಲು’ ಎಂಬ ಕನ್ನಡ ಅಕ್ಷರವಿನ್ಯಾಸವೂ ಆ ಭಂಡಾರದಲ್ಲಿದೆ. ನನ್ನ ವ್ಯಥೆಯನ್ನು ಕೇಳಿ ಅವನು ನಕ್ಕ. “ಮೇಷ್ಟ್ರೇ, ನಮ್ಮದೂ ಸಂಪಾದನೆಯೇ,” ಎಂದ.

ಅವರು ಬಳಸುವುದು, ಲಿನಸ್ ಟೋರ್ವಾಲ್ಡ್ಸ್ ೨೦೦೫ರಲ್ಲಿ ರಚಿಸಿದ ‘ಗಿಟ್’. ಮೂಲಕರ್ತನ ಕೃತಿ ಒಂದು ಕವಲಿನಲ್ಲಿ ಇದ್ದಂತೆಯೇ ಇರುತ್ತದೆ. ಕಟ್ಟುವವನ ಸೇರ್ಪಡೆ ಇನ್ನೊಂದು ಕವಲಿನಲ್ಲಿ. ಮೂಲವನ್ನು ತಿದ್ದಲೇಬೇಕಾದರೆ ಪ್ರತಿಯೊಂದು ತಿದ್ದುಪಡಿಯೂ ಬೇರೆಯೇ ಒಂದು ‘ಪ್ಯಾಚ್’ ಆಗುತ್ತದೆ. ತಿದ್ದಿದವರು ಯಾರು, ಏಕೆ ತಿದ್ದಿದರು, ಮೂಲಕರ್ತನಿಗೆ ಕಳುಹಿಸಿದೆಯೇ ಎಂಬುದನ್ನು ಅದರ ತಲೆಯಲ್ಲೇ ಬರೆಯುವುದು ರೂಢಿ. ಮೂಲಕರ್ತ ಅದನ್ನು ಒಪ್ಪಿ ಹೊಸ ಆವೃತ್ತಿಯಲ್ಲಿ ಸೇರಿಸಿಕೊಂಡರೆ ಆ ಪ್ಯಾಚ್ ಕಳಚಿಬೀಳುತ್ತದೆ. ೧.೨-೩ ಎಂಬಂತಹ ಸಂಖ್ಯೆಯಲ್ಲಿ ಅಡ್ಡಗೆರೆಯ ಹಿಂದಿನದು ಮೂಲಕರ್ತನದು, ಮುಂದಿನದು ಕಟ್ಟಿದವನದು. ಕರ್ತೃತ್ವದ ವಿಷಯದಲ್ಲಿ ನಮ್ಮ ಪಂಡಿತರಲ್ಲಿ ಎಷ್ಟು ಜನ ಇಷ್ಟು ಪ್ರಾಮಾಣಿಕರು!

“ನನ್ನದೇ ಒಂದು ಕ್ರಮವಿದ್ದರೆ ಸಾಲದೆ?” ಎಂದೆ. ‘ಅಂತಿಮ’, ‘ಅಂತಿಮ ಹೊಸದು’ ಎಂಬ ನನ್ನ ಕಡತಗಳನ್ನು ಅವನು ಆಗಲೇ ನೋಡಿದ್ದ. ಕಟ್ಟುವವರು ಸ್ವಯಂಸೇವಕರು, ಯಾವಾಗ ಬೇಕಾದರೂ ಬಿಟ್ಟುಹೋಗಬಹುದು. ಎಲ್ಲರಿಗೂ ತಿಳಿದ ಕ್ರಮದಲ್ಲಿದ್ದರೆ ಮುಖಪರಿಚಯವಿಲ್ಲದವನೂ ಮರುದಿನವೇ ಕೆಲಸವನ್ನು ಮುಂದುವರಿಸಬಲ್ಲ ಎಂದ. ಅದಕ್ಕೆಂದೇ ಡೆಬಿಯನ್ನಿನವರು ೨೦೧೮ರಿಂದ ‘ಸಲ್ಸಾ’ ಎಂಬ ತಾಣವನ್ನು ನಡೆಸುತ್ತಿದ್ದಾರೆ.

ಹೊರಡುವ ಮುನ್ನ ನನ್ನ ಕಡತವನ್ನು ಗಿಟ್‌ಗೆ ಸೇರಿಸಿ, ಮೊದಲ ದಾಖಲೆಗೆ ವಿವರಣೆ ಕೇಳಿದ. ಸ್ವಲ್ಪ ಹೊತ್ತು ಸುಮ್ಮನಿದ್ದು, ನಾನೇ ಬರೆದೆ: “ಇದು ಹಾಡಿದವರ ಪಾಠವಲ್ಲ, ಬರೆದುಕೊಂಡವನು ತಿದ್ದಿದ್ದು. ಮೂಲ ಉಳಿದಿಲ್ಲ.”