ಬೆಳ್ಳಿ ಹೂಜಿಯ ಮೇಲೊಂದು ಹೆಸರು

ರಟ್ಟೀಹಳ್ಳಿ ಸೀಮೆಯಲ್ಲಿ ದೀಪಾವಳಿ ಬಂತೆಂದರೆ ಹೋರಿಗಳ ಮಾತು ಶುರು. ಕೊಬ್ಬರಿ ಸರ ಕಟ್ಟಿಸಿಕೊಂಡು ಅಖಾಡಕ್ಕೆ ನುಗ್ಗಿದ ಹೋರಿ ಯಾರ ಕೈಗೂ ಸಿಗದೆ ಪಾರಾದರೆ ಮಾಲೀಕನಿಗೆ ಬೈಕು ಸಿಗಬಹುದು, ಫ್ರಿಜ್ಜು ಸಿಗಬಹುದು, ಬಂಗಾರವೂ ಸಿಗಬಹುದು. ಆದರೆ ಚಹಾದಂಗಡಿಯಲ್ಲಿ ಆಮೇಲೆ ಬೈಕಿನ ಮಾತು ಯಾರೂ ಎತ್ತುವುದಿಲ್ಲ. ಯಾವ ಊರಿನ ಅಖಾಡದಲ್ಲಿ ಕೊಬ್ಬರಿ ಉಳಿಸಿಕೊಂಡು ಬಂತು ಎಂದೇ ಕೇಳುತ್ತಾರೆ. ಎಲ್ಲ ಅಖಾಡಗಳೂ ಒಂದೇ ತೂಕದವಲ್ಲ ಎಂಬುದನ್ನು ಇಲ್ಲಿನ ಹುಡುಗರಿಗೆ ಯಾರೂ ಹೇಳಿಕೊಡಬೇಕಿಲ್ಲ. ಗಾಲ್ಫ್ ಎಂದರೆ ಉಳ್ಳವರ ಕಾಲಹರಣ ಎಂದು ಕ್ರೀಡಾಪುಟ ಮಗುಚುವವರಿಗೂ ‘ದಿ ಓಪನ್’ ಎಂಬ ಪಂದ್ಯಾವಳಿಯ ಘನತೆ ತಿಳಿಯಲು ಇಷ್ಟು ಪೀಠಿಕೆ ಸಾಕು.

ಗಾಲ್ಫ್‌ನಲ್ಲಿ ಮೇಜರ್ ಎಂದು ಕರೆಸಿಕೊಳ್ಳುವ ಪುರುಷರ ಪಂದ್ಯಾವಳಿಗಳು ನಾಲ್ಕು. ಅವುಗಳಲ್ಲಿ ಹಿರಿಯದು ಇದು. ಅಮೆರಿಕದ ಯುಎಸ್ ಓಪನ್ 1895ರಲ್ಲಿ, ಪಿಜಿಎ ಚಾಂಪಿಯನ್‌ಷಿಪ್ 1916ರಲ್ಲಿ, ಮಾಸ್ಟರ್ಸ್ 1934ರಲ್ಲಿ ಹುಟ್ಟಿದವು. ದಿ ಓಪನ್ ಆರಂಭವಾದದ್ದು 1860ರಲ್ಲಿ, ಸ್ಕಾಟ್ಲೆಂಡಿನ ಪ್ರೆಸ್ಟ್‌ವಿಕ್‌ನಲ್ಲಿ. ನಮ್ಮ ಬೆಂಗಳೂರು ಗಾಲ್ಫ್ ಕ್ಲಬ್ ಸ್ಥಾಪನೆಯಾದದ್ದು 1876ರಲ್ಲಿ. ಅಂದರೆ ಯುಎಸ್ ಓಪನ್ ಶುರುವಾಗುವ ಹೊತ್ತಿಗೆ ಬೆಂಗಳೂರಿನಲ್ಲಿ ಗಾಲ್ಫ್ ಕ್ಲಬ್ಬಿಗೆ ಹತ್ತೊಂಬತ್ತು ವರ್ಷ ತುಂಬಿತ್ತು. ಹೈಗ್ರೌಂಡ್ಸ್‌ನ ಆ ಬೇಲಿಯ ಪಕ್ಕ ಬಸ್ಸಿನಲ್ಲಿ ಹಾದುಹೋಗುವಾಗ ಇದು ಎಷ್ಟು ಜನಕ್ಕೆ ಹೊಳೆಯುತ್ತದೋ!

ಪ್ರೆಸ್ಟ್‌ವಿಕ್‌ನ ಮೊದಲ ಪಂದ್ಯ ಇಂದಿನ ಗದ್ದಲದ ಮುಂದೆ ಏನೇನೂ ಅಲ್ಲ. 1859ರಲ್ಲಿ ಅಲನ್ ರಾಬರ್ಟ್‌ಸನ್ ಎಂಬ ಹೆಸರಾಂತ ಆಟಗಾರ ತೀರಿಕೊಂಡ. ಇನ್ನು ಮುಂದೆ ದೊಡ್ಡ ಆಟಗಾರ ಯಾರು ಎಂಬುದು ತೀರ್ಮಾನವಾಗಬೇಕಿತ್ತು. ಮಾರನೆಯ ವರ್ಷ ಅಕ್ಟೋಬರ್ 17ರಂದು ಎಂಟು ಮಂದಿ ಸೇರಿದರು. ಹನ್ನೆರಡು ಕುಳಿಗಳ ಮೈದಾನವನ್ನು ಒಂದೇ ದಿನ ಮೂರು ಸುತ್ತು ಹಾಕಿದರು. 174 ಹೊಡೆತಗಳಲ್ಲಿ ಮುಗಿಸಿದ ವಿಲ್ಲಿ ಪಾರ್ಕ್ ಗೆದ್ದ. ಎರಡು ಹೊಡೆತ ಹೆಚ್ಚು ತೆಗೆದುಕೊಂಡ ಟಾಮ್ ಮಾರಿಸ್ ಎರಡನೆಯವನಾದ. ಆ ಎಂಟೂ ಮಂದಿ ಚೆಂಡು, ಕೋಲು ತಯಾರಿಸಿ, ಧಣಿಗಳ ಚೀಲ ಹೊತ್ತು, ಹುಲ್ಲು ನೋಡಿಕೊಂಡು ಬದುಕುತ್ತಿದ್ದ ವರ್ಗದವರು. ಧಣಿಗಳು ಸ್ಪರ್ಧಿಸಲು ಬಂದದ್ದು ಮರುವರ್ಷ, ಪಂದ್ಯ ಎಲ್ಲರಿಗೂ ಮುಕ್ತ ಎಂದು ಸಾರಿದ ಮೇಲೆ. ‘ಓಪನ್’ ಆದದ್ದು ಹಾಗೆ.

ಮೊದಮೊದಲು ಗೆದ್ದವನಿಗೆ ಹಣ ಇರಲಿಲ್ಲ. ಬೆಳ್ಳಿ ಬಕಲಿನ ಕೆಂಪು ಚರ್ಮದ ಒಂದು ಸೊಂಟಪಟ್ಟಿ ಕೊಡುತ್ತಿದ್ದರು, ಅದೂ ಒಂದು ವರ್ಷದ ಮಟ್ಟಿಗೆ. ಸತತ ಮೂರು ಸಲ ಗೆದ್ದರೆ ಮಾತ್ರ ಅದು ಸ್ವಂತಕ್ಕೆ. ಆ ನಿಯಮ ಬರೆದವರು ಟಾಮ್ ಮಾರಿಸನ ಮಗನನ್ನು ಎಣಿಕೆಗೆ ತೆಗೆದುಕೊಂಡಿರಲಿಕ್ಕಿಲ್ಲ. ಅಪ್ಪ 1867ರಲ್ಲಿ, ತನ್ನ 46ನೇ ವಯಸ್ಸಿನಲ್ಲಿ, ನಾಲ್ಕನೇ ಸಲ ಗೆದ್ದ. ಮರುವರ್ಷ ಹದಿನೇಳರ ಮಗ ಗೆದ್ದ. ಅತಿ ಹಿರಿಯ ವಿಜೇತ, ಅತಿ ಕಿರಿಯ ವಿಜೇತ ಎಂಬ ಎರಡು ದಾಖಲೆಗಳೂ ಇವತ್ತಿಗೂ ಒಂದೇ ಮನೆಯಲ್ಲಿವೆ. ಮಗ 1869, 1870ರಲ್ಲೂ ಗೆದ್ದು ಪಟ್ಟಿಯನ್ನು ಮನೆಗೇ ಒಯ್ದ. ಕೊಡಲು ಪಟ್ಟಿಯಿಲ್ಲದೆ 1871ರಲ್ಲಿ ಪಂದ್ಯವೇ ನಡೆಯಲಿಲ್ಲ. 1872ರಲ್ಲಿ ಮೂರು ಕ್ಲಬ್ಬುಗಳು ತಲಾ ಹತ್ತು ಪೌಂಡ್ ಹಾಕಿ ಬೆಳ್ಳಿಯ ಹೂಜಿಯೊಂದನ್ನು ಮಾಡಿಸಿದವು. ಅದೇ ಕ್ಲಾರೆಟ್ ಜಗ್. ಅದರ ಮೇಲೆ ಮೊದಲು ಕೆತ್ತಿದ ಹೆಸರು, ಆ ವರ್ಷವೂ ಗೆದ್ದ ಅದೇ ಹುಡುಗನದು. ಹೂಜಿ ಸಿದ್ಧವಾಗಿ ಬರುವಷ್ಟರಲ್ಲಿ ಅವನ ವರ್ಷ ಮುಗಿದಿತ್ತು. ಹೆರಿಗೆಯಲ್ಲಿ ಹೆಂಡತಿಯನ್ನು ಕಳೆದುಕೊಂಡ ಕೆಲವೇ ತಿಂಗಳಲ್ಲಿ, 1875ರ ಕ್ರಿಸ್‌ಮಸ್ ದಿನ, ಅವನೂ ತೀರಿಕೊಂಡ. ಆಗ ಅವನಿಗೆ ಇಪ್ಪತ್ತನಾಲ್ಕು ವರ್ಷ.

ಹೂಜಿಯ ವಿಷಯದಲ್ಲಿ ಕ್ಲಬ್ಬುಗಳು ಹಳೆಯ ತಪ್ಪು ಮಾಡಲಿಲ್ಲ. ಎಷ್ಟು ಸಲ ಗೆದ್ದರೂ ಅದನ್ನು ಹಿಂದಿರುಗಿಸಲೇಬೇಕು. ಹ್ಯಾರಿ ವಾರ್ಡನ್ ಆರು ಸಲ ಗೆದ್ದ, ಆರು ಸಲವೂ ಕೊಟ್ಟ. ನನ್ನ ಮಟ್ಟಿಗೆ ಓಪನ್‌ನ ಅಷ್ಟೂ ಗೌರವ ನಿಂತಿರುವುದು ಈ ಒಂದು ಕಟ್ಟಳೆಯ ಮೇಲೆ. ಕೆತ್ತುವವನ ಕೆಲಸ ನೋಡಿದರೆ ಇದು ಇನ್ನೂ ಸ್ಪಷ್ಟ. ಕೊನೆಯ ದಿನ ಆತ ಹದಿನೆಂಟನೇ ಕುಳಿಯ ಆಸುಪಾಸಿನಲ್ಲೇ ಉಳಿ ಹಿಡಿದು ಕಾಯುತ್ತಿರುತ್ತಾನೆ. ಕೊನೆಯ ಚೆಂಡು ಕುಳಿಗೆ ಬಿದ್ದು, ಆಟಗಾರ ಅಂಕಪಟ್ಟಿಗೆ ಸಹಿ ಹಾಕಿ ಬರುವ ಕೆಲವೇ ನಿಮಿಷಗಳಲ್ಲಿ ಹೆಸರು ಬೆಳ್ಳಿಯ ಮೇಲೆ ಮೂಡಬೇಕು. ಗೆದ್ದವನ ಕೈಗೆ ಹೂಜಿ ಬರುವಾಗಲೇ ಅದರಲ್ಲಿ ಅವನ ಹೆಸರಿರುತ್ತದೆ.

ಈ ಆತುರ ಎಷ್ಟು ಅಪಾಯದ್ದು ಎಂಬುದಕ್ಕೆ 1999ರಲ್ಲಿ ಕಾರ್ನೂಸ್ಟಿ ಮೈದಾನದಲ್ಲಿ ನಡೆದ ಓಪನ್ ಸಾಕ್ಷಿ. ಫ್ರಾನ್ಸಿನ ಜಾನ್ ವಾನ್ ಡಿ ವೆಲ್ಡ್ ಕೊನೆಯ ಕುಳಿಗೆ ಬಂದಾಗ ಮೂರು ಹೊಡೆತ ಮುಂದಿದ್ದ. ಆರು ಹೊಡೆತದಲ್ಲಿ ಮುಗಿಸಿದ್ದರೂ ಸಾಕಿತ್ತು, ಏಳಾಯಿತು. ಅಡ್ಡಬಂದ ಹಳ್ಳದಲ್ಲಿ ಷೂ ಬಿಚ್ಚಿ, ಪ್ಯಾಂಟು ಮೇಲಕ್ಕೆ ಮಡಚಿ, ನೀರಿಗಿಳಿದು ನಿಂತ ಅವನ ಚಿತ್ರ ಗಾಲ್ಫ್ ಗೊತ್ತಿಲ್ಲದವರೂ ನೋಡಿರುತ್ತಾರೆ. ಕೊನೆಗೆ ಟೈಬ್ರೇಕರ್‌ನಲ್ಲಿ ಗೆದ್ದವನು ಪಾಲ್ ಲಾರಿ. ಹೂಜಿಯ ಮೇಲಿರುವುದು ಲಾರಿಯ ಹೆಸರು, ಜನರ ಬಾಯಲ್ಲಿರುವುದು ವಾನ್ ಡಿ ವೆಲ್ಡ್!

ಇನ್ನು ದುಡ್ಡಿನ ಕಡೆಗೆ ಬರೋಣ, ಏಕೆಂದರೆ ಬೆಂಗಳೂರಿನ ನಂಟು ಬರುವುದೇ ಅಲ್ಲಿ. ಅನಿರ್ಬನ್ ಲಾಹಿರಿ ಹುಟ್ಟಿದ್ದು ಪುಣೆಯಲ್ಲಿ, ಆಟ ಪಳಗಿದ್ದು ಬೆಂಗಳೂರಿನಲ್ಲಿ, ವಿಜಯ್ ದಿವೇಚಾ ಎಂಬ ಕೋಚ್ ಕೈಯಲ್ಲಿ. 2012ರ ಓಪನ್‌ನಲ್ಲಿ, ರಾಯಲ್ ಲಿದಮ್ ಮೈದಾನದ ಒಂಬತ್ತನೇ ಕುಳಿಗೆ, ಲಾಹಿರಿ ಒಂದೇ ಏಟಿಗೆ ಚೆಂಡು ಹಾಕಿದರು. 2022ರ ಮಾರ್ಚ್‌ನಲ್ಲಿ ಅಮೆರಿಕದ ಪ್ಲೇಯರ್ಸ್ ಚಾಂಪಿಯನ್‌ಷಿಪ್‌ನಲ್ಲಿ ಒಂದೇ ಹೊಡೆತದಿಂದ ಸೋತು ಎರಡನೆಯವರಾದರು. ಸೋತರೂ ಕೈಗೆ ಬಂದದ್ದು 21.8 ಲಕ್ಷ ಡಾಲರ್. ಅವರನ್ನು ಸೋಲಿಸಿದ ಆಸ್ಟ್ರೇಲಿಯಾದ ಕ್ಯಾಮರಾನ್ ಸ್ಮಿತ್‌ಗೆ 36 ಲಕ್ಷ. ಅದೇ ಸ್ಮಿತ್ ನಾಲ್ಕು ತಿಂಗಳ ನಂತರ ಸೇಂಟ್ ಆಂಡ್ರೂಸ್‌ನಲ್ಲಿ 150ನೇ ಓಪನ್ ಗೆದ್ದಾಗ ಸಿಕ್ಕಿದ್ದು 25 ಲಕ್ಷ ಡಾಲರ್. ಪ್ಲೇಯರ್ಸ್‌ನಲ್ಲಿ ಸೋತವರಿಗೂ ಓಪನ್‌ನಲ್ಲಿ ಗೆದ್ದವರಿಗೂ ಹೆಚ್ಚೇನೂ ಅಂತರವಿಲ್ಲ. ಆದರೂ ಸ್ಮಿತ್ ಯಾರು ಎಂದರೆ ಸೇಂಟ್ ಆಂಡ್ರೂಸ್‌ನಲ್ಲಿ ಕೊನೆಯ ದಿನ 64 ಹೊಡೆದು ರೋರಿ ಮ್ಯಾಕಿಲ್‌ರಾಯ್‌ನನ್ನು ದಾಟಿದವನು ಎನ್ನುತ್ತಾರೆ.

ಅದೇ ಆಗಸ್ಟ್ ಕೊನೆಗೆ ಸ್ಮಿತ್ ಮತ್ತು ಲಾಹಿರಿ ಇಬ್ಬರೂ ಸೌದಿ ಅರೇಬಿಯಾದ ಹಣದಲ್ಲಿ ಹುಟ್ಟಿದ ಲಿವ್ ಗಾಲ್ಫ್ ಲೀಗಿಗೆ ಸೇರಿದರು. ಅಲ್ಲಿ ಒಂದೊಂದು ಪಂದ್ಯಾವಳಿಯ ವೈಯಕ್ತಿಕ ಗೆಲುವಿಗೂ 40 ಲಕ್ಷ ಡಾಲರ್. ಅವರನ್ನು ದೂರುವುದು ನನ್ನ ಉದ್ದೇಶವಲ್ಲ. ಆಟಗಾರನ ಬೆನ್ನು, ಮಣಿಕಟ್ಟು ಎಷ್ಟು ವರ್ಷ ಬಾಳುತ್ತವೆ ಎಂಬುದು ಆಟಗಾರನಿಗೇ ಗೊತ್ತು. ಆದರೆ ಲಿವ್ ಪಂದ್ಯಗಳಿಗೆ ಮೊದಲ ಕೆಲವು ವರ್ಷ ವಿಶ್ವ ರ್‍ಯಾಂಕಿಂಗ್ ಅಂಕಗಳೇ ಇರಲಿಲ್ಲ. ಅಂಕವಿಲ್ಲದವರ ರ್‍ಯಾಂಕ್ ಕುಸಿಯುತ್ತದೆ, ರ್‍ಯಾಂಕ್ ಕುಸಿದವರಿಗೆ ಮೇಜರ್‌ಗಳ ಬಾಗಿಲು ಕಿರಿದಾಗುತ್ತದೆ. ಸ್ಮಿತ್‌ಗೆ ಆ ಚಿಂತೆಯಿಲ್ಲ. ಒಮ್ಮೆ ಗೆದ್ದ ಬಲದ ಮೇಲೆ ಅರವತ್ತರ ವಯಸ್ಸಿನವರೆಗೂ ಓಪನ್ ಆಡಬಹುದು. ಮಾರ್ಚ್‌ನಲ್ಲಿ ಒಂದು ಹೊಡೆತದ ಅಂತರದಲ್ಲಿದ್ದ ಇಬ್ಬರ ನಡುವೆ ಜುಲೈ ಎಳೆದ ಗೆರೆ ಇದು. 2023ರಲ್ಲಿ ಹಾಯ್‌ಲೇಕ್‌ನಲ್ಲಿ ಹೂಜಿ ಹಿಂದಿರುಗಿಸುವಾಗ ಕೋಟಿ ಕೋಟಿ ಎಣಿಸಿಕೊಂಡಿದ್ದ ಸ್ಮಿತ್‌ಗೆ ಕಣ್ಣೀರು ತಡೆಯುವುದೇ ಕಷ್ಟವಾಯಿತು. ಅದೇ ಹಾಯ್‌ಲೇಕ್‌ನಲ್ಲಿ ಭಾರತದ ಶುಭಂಕರ್ ಶರ್ಮಾ ಎಂಟನೇ ಸ್ಥಾನ ಹಂಚಿಕೊಂಡರು.

ಹೆಂಗಸರಿಗೆ ಪ್ರತ್ಯೇಕ ಓಪನ್ ಇದೆ. 1976ರಲ್ಲಿ ಶುರುವಾಗಿ 2001ರಿಂದ ಮೇಜರ್ ಎನಿಸಿಕೊಂಡಿದೆ. ಹೆಂಗಸರ ಗಾಲ್ಫ್‌ನಲ್ಲಿ ಬೆಂಗಳೂರಿನ ಅದಿತಿ ಅಶೋಕ್ ಹೆಸರು ಕೇಳದವರು ಕಡಿಮೆ. 2021ರ ಆಗಸ್ಟ್ 7ರ ಶನಿವಾರ, ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಒಂದೇ ಹೊಡೆತದಲ್ಲಿ ಕಂಚು ತಪ್ಪಿ ಅವರು ನಾಲ್ಕನೆಯವರಾದಾಗ, ಬರ್ಡಿ, ಬೋಗಿ ಏನೆಂದು ಗೊತ್ತಿಲ್ಲದ ಮನೆಗಳಲ್ಲೂ ಟಿ.ವಿ. ಮುಂದೆ ಜನ ಉಸಿರು ಬಿಗಿಹಿಡಿದು ಕೂತಿದ್ದರು. ಚೀಲ ಹೊತ್ತು ಜೊತೆಗೆ ನಡೆದದ್ದು ತಾಯಿ. ಬಿಡದಿ ಹತ್ತಿರದ ಗಾಲ್ಫ್ ರೆಸಾರ್ಟಿನ ಪಕ್ಕದಲ್ಲಿ ಬೆಳೆದು, ಚೆಂಡು ಹೆಕ್ಕುತ್ತ ಆಟ ಕಲಿತು ವೃತ್ತಿಪರರಾದ ಎಸ್. ಚಿಕ್ಕರಂಗಪ್ಪ ನನಗೆ ಇನ್ನೂ ಹತ್ತಿರದವರು. 1860ರ ಆ ಎಂಟು ಮಂದಿಗೆ ಈ ಬದುಕು ಅಪರಿಚಿತವೇನಲ್ಲ.

ಓಪನ್ ನಡೆಯುವುದು ಜುಲೈ ಮಧ್ಯದಲ್ಲಿ, ಗುರುವಾರದಿಂದ ಭಾನುವಾರದವರೆಗೆ. ಒಟ್ಟು 156 ಆಟಗಾರರು. ಎರಡು ದಿನದ ನಂತರ ಮೊದಲ ಎಪ್ಪತ್ತು ಸ್ಥಾನದವರು, ಅವರಿಗೆ ಸಮನಾದವರು ಉಳಿದು ಬಾಕಿಯವರು ಮನೆಗೆ. ಮೊದಲ ಚೆಂಡು ಹೊಡೆಯುವಾಗ ನಮಗೆ ಬೆಳಗಿನ ಹನ್ನೊಂದು ದಾಟಿರುತ್ತದೆ, ಭಾನುವಾರ ಮುಗಿಯುವಾಗ ರಾತ್ರಿ ಹನ್ನೊಂದರ ಆಸುಪಾಸು. ಹೊಸಬರು ಚೆಂಡನ್ನು ಹಿಂಬಾಲಿಸಿ ಕಣ್ಣು ನೋಯಿಸಿಕೊಳ್ಳಬೇಡಿ, ಕುಳಿಯ ಬಾವುಟ ನೋಡಿ. ಓಪನ್ ನಡೆಯುವುದೆಲ್ಲ ಕಡಲ ದಂಡೆಯ ಮೈದಾನಗಳಲ್ಲಿ, ಮರಗಳ ಮರೆಯಿಲ್ಲ. ಗಾಳಿಗೆ ಬಾವುಟ ಅಡ್ಡಡ್ಡ ನೆಟ್ಟಗೆ ಹಾರುತ್ತಿದ್ದರೆ ಮುಂದಿರುವವನ ಹೆಸರಿನ ಮೇಲೆ ಬಾಜಿ ಕಟ್ಟಬೇಡಿ.