ಉಸ್ಮಾನಿಯಾ ಆರ್ಟ್ಸ್ ಕಾಲೇಜಿನ ಮೆಟ್ಟಿಲ ಮೇಲೆ

ಕಳೆದ ರಜೆಯಲ್ಲಿ ಸೇಡಂನಿಂದ ರೈಲು ಹತ್ತಿ ಹೈದರಾಬಾದಿಗೆ ಹೋಗಿ ಉಸ್ಮಾನಿಯಾ ವಿಶ್ವವಿದ್ಯಾಲಯದ ಆರ್ಟ್ಸ್ ಕಾಲೇಜು ನೋಡಿ ಬಂದೆ. ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್, ಚಿಂಚೋಳಿ ಎಲ್ಲವೂ ಹಿಂದೆ ಹೈದರಾಬಾದ್ ಸಂಸ್ಥಾನದಲ್ಲೇ ಇದ್ದವು. ಹಾಗಾಗಿ ಅದು ನಮ್ಮದೂ ಕಟ್ಟಡವೇ.

1929ರ ಆರ್ಥಿಕ ಕುಸಿತದಿಂದ ಲೋಕ ಇನ್ನೂ ಚೇತರಿಸಿಕೊಂಡಿರಲಿಲ್ಲ. ಆಗಲೇ, 1934ರಲ್ಲಿ, ಏಳನೇ ನಿಜಾಮ ಮೀರ್ ಉಸ್ಮಾನ್ ಅಲಿ ಖಾನರು ಇದಕ್ಕೆ ಅಡಿಗಲ್ಲು ಹಾಕಿದರು, 1939ರಲ್ಲಿ ಉದ್ಘಾಟನೆಯಾಯಿತು. ನಕ್ಷೆ ಬೆಲ್ಜಿಯಂನ ಅರ್ನೆಸ್ಟ್ ಜಾಸ್ಪರ್ ಅವರದು. ಗೋಡೆಯೆಲ್ಲ ನಸುಗೆಂಪು ಗ್ರಾನೈಟ್. ಬಾಗಿಲಿನ ಎತ್ತರದ ಕಮಾನು ಮಸೀದಿಯನ್ನು ನೆನಪಿಸಿದರೆ, ಒಳಗಿನ ಕಂಬಗಳು ಎಲ್ಲೋರಾ ಗುಹೆಯ ಕಂಬಗಳಂತಿವೆ. ಎಲ್ಲೋರಾವೂ ಆಗ ಇದೇ ಸಂಸ್ಥಾನದಲ್ಲಿತ್ತು. ಎರಡನ್ನೂ ಬೆಸೆದದ್ದು ಬೇಕೆಂದೇ.

ಕಟ್ಟಡಕ್ಕಿಂತ ಹೆಚ್ಚು ನನ್ನನ್ನು ಕಾಡಿದ್ದು ಭಾಷೆ. 1918ರಲ್ಲಿ ಶುರುವಾದ ಈ ವಿಶ್ವವಿದ್ಯಾಲಯದಲ್ಲಿ ವಿಜ್ಞಾನವನ್ನೂ ಉರ್ದುವಿನಲ್ಲೇ ಕಲಿಸುತ್ತಿದ್ದರು. ಪಠ್ಯ ಅನುವಾದಿಸಲೆಂದೇ ಒಂದು ವಿಭಾಗವಿತ್ತು. ದೇಶಭಾಷೆಯಲ್ಲಿ ಉನ್ನತ ಶಿಕ್ಷಣ ಅಂದರೆ ಆ ಕಾಲಕ್ಕೆ ದೊಡ್ಡ ಧೈರ್ಯ. ಆದರೆ ಮನೆಯಲ್ಲಿ ಕನ್ನಡ ಆಡುವ ಚಿಂಚೋಳಿಯ ಹುಡುಗ ಈ ಮೆಟ್ಟಿಲು ಹತ್ತಬೇಕಾದರೆ ಮೊದಲು ಉರ್ದು ಕಲಿಯಲೇಬೇಕಿತ್ತು. ಎಷ್ಟೋ ಮಕ್ಕಳು ಕೆಳಗೇ ಉಳಿದಿರಬೇಕು. ನನ್ನದು ಅದರ ತಿರುಗುಮುರುಗು: ಮನೆಯಲ್ಲಿ ಉರ್ದು, ಪರೀಕ್ಷೆ ಕನ್ನಡದಲ್ಲಿ. ಆ ಹುಡುಗನ ಕಷ್ಟ ನನಗೆ ಸ್ವಲ್ಪ ಗೊತ್ತು.