ನಿವೃತ್ತಿಯ ಮೇಲೆ ಗಾಜು

ಪುಣೆ ಹತ್ತಿರದ ನಮ್ಮ ತಳೇಗಾಂವ ದಾಭಾಡೆಗೆ ಗಾಜು ಹೊಸದಲ್ಲ. ಅಂತಾಜಿ ದಾಮೋದರ ಕಾಳೆ ಜನರಿಂದ ಪೈಸೆ ಪೈಸೆ ಕೂಡಿಸಿ ಕಟ್ಟಿದ ಪೈಸಾ ಫಂಡ್, ತಿಲಕರ ಬೆಂಬಲದೊಂದಿಗೆ 1908ರಲ್ಲಿ ಇಲ್ಲಿ ಗಾಜಿನ ಕಾರ್ಖಾನೆ ತೆರೆಯಿತು. ಕೆಲಸ ಕಲಿಸುವ ಜಾಗವೂ ಅದಾಗಿತ್ತು. ಸ್ವದೇಶಿ ಗಾಜಿನ ಈ ಊರಲ್ಲೇ ನಾನು ಕಲಿತೆ ಎನ್ನುವುದು ನನಗೆ ದೊಡ್ಡ ಹೆಮ್ಮೆ.

ಧಾರವಾಡ ಬಿಟ್ಟು ಬಂದವಳು ನಾನು. ಗಾಜಿನ ಕಲೆ ಹಿಡಿದದ್ದು ನಿವೃತ್ತಿಯ ಮೇಲೆ. ಗಾಜು ಊದಲು ಸಾವಿರ ಡಿಗ್ರಿ ದಾಟಿದ ಕುಲುಮೆ ಬೇಕು, ತೋಳಲ್ಲಿ ಬಲ ಬೇಕು. ನನಗೆ ಒಗ್ಗಿದ್ದು ಕರೆಂಟಿನ ಗೂಡು. ಬಣ್ಣದ ಗಾಜು ಕತ್ತರಿಸಿ ಜೋಡಿಸಿಟ್ಟರೆ ಸುಮಾರು 800 ಡಿಗ್ರಿ ಸೆಲ್ಸಿಯಸ್‌ನಲ್ಲಿ ತುಂಡುಗಳು ಒಂದಾಗುತ್ತವೆ. ಕಷ್ಟವೆಲ್ಲ ಆರಿಸುವುದರಲ್ಲಿದೆ. 500ರ ಆಸುಪಾಸಿನಲ್ಲಿ ತಡೆದು ನಿಲ್ಲಿಸಿ, ಆಮೇಲೆ ನಿಧಾನ ಇಳಿಸಬೇಕು. ಅವಸರಪಟ್ಟರೆ ಒಳಗೆ ಬಿಗಿತ ಉಳಿದು, ಎಷ್ಟೋ ದಿನದ ಮೇಲೂ ತಾನಾಗಿ ಸೀಳುತ್ತದೆ. ದಪ್ಪ ಎರಡರಷ್ಟಾದರೆ ಆರಿಸುವ ಹೊತ್ತು ಸುಮಾರು ನಾಲ್ಕರಷ್ಟು. ಒಂದೇ ಪ್ರಮಾಣದಲ್ಲಿ ಹಿಗ್ಗಿ ಕುಗ್ಗದ ಗಾಜುಗಳನ್ನು ಬೆರೆಸಲೇಬಾರದು. ಕಿಟಕಿ ಗಾಜಿನ ಜೊತೆ ಸಿಕ್ಕಸಿಕ್ಕ ಬಣ್ಣದ ಗಾಜು ಕೂಡುವುದಿಲ್ಲ.

ಗಾಜಿಗೆ ತಡವಾಗಿ ಬಂದವಳು ನಾನೊಬ್ಬಳೇ ಅಲ್ಲ. ಕಲಾವಿದರು ತಮ್ಮದೇ ಕುಲುಮೆ ಇಟ್ಟುಕೊಳ್ಳುವ ಪರಿಪಾಠ ಹಬ್ಬಿದ್ದು 1962ರ ನಂತರ. ಅಮೆರಿಕದ ಟೊಲೀಡೊದಲ್ಲಿ ಅದಕ್ಕೆ ನಾಂದಿ ಹಾಡಿದ ಹಾರ್ವೆ ಲಿಟಲ್‌ಟನ್ ಮೂಲತಃ ಕುಂಬಾರಿಕೆಯ ಮೇಷ್ಟ್ರು, ವಯಸ್ಸು ನಲವತ್ತರ ಹತ್ತಿರ.

ಸದ್ಯ ಇಳಕಲ್ ಸೀರೆಯ ಸೆರಗನ್ನು ಗಾಜಿಗೆ ತರುತ್ತಿದ್ದೇನೆ. ಅದರ ಕೆಂಪು ಸುಲಭಕ್ಕೆ ದಕ್ಕದು. ಚಿನ್ನದ ಅಂಶವಿರುವ ಗುಲಾಬಿಗೆಂಪು ಗಾಜು ಗೂಡಿಗೆ ಹೋಗುವಾಗ ಹೆಚ್ಚಾಗಿ ಪೇಲವ. ಬಣ್ಣ ಏಳುವುದು ಶಾಖದಲ್ಲೇ. ಹಾಗಾಗಿ ಪ್ರತಿ ಹಾಳೆಯಿಂದಲೂ ಸಣ್ಣ ಚೂರು ಮುರಿದು ಮೊದಲು ಸುಟ್ಟು ನೋಡಿ, ತಾಪಮಾನ ಬರೆದಿಡುತ್ತೇನೆ.